ಮಾನವ ಅಭಿವೃದ್ಧಿಯ ಲೆಕ್ಕದಲ್ಲಿ ಮಹಿಳೆ ಎಲ್ಲಿದ್ದಾಳೆ?

(ಕ್ಯಾಲನೂರಿನಲ್ಲಿ ನಡೆದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನಮಗೆ ಕೊಟ್ಟಿರುವ ವಿಷಯದ ಹೆಸರು ತುಸು ಉದ್ದವೇ ಆಗಿದೆ: ರಾಷ್ಟ್ರೀಯ ಮಾನವ ಅಭಿವೃದ್ಧಿ ಸಂಶೋಧನೆ ಮತ್ತು ನೀತಿ ನಿರೂಪಣೆಯಲ್ಲಿ ಲಿಂಗ ಸಂಬಂಧಿ ಪರಿಣತಿಯ ಅಗತ್ಯ. ದಿಲ್ಲಿಯ ವಿಚಾರ ಸಂಕಿರಣಕ್ಕೆ ಒಪ್ಪುವ ಈ ವಿಷಯಕ್ಕೂ ಕೋಲಾರ ತಾಲೂಕಿನ ಕ್ಯಾಲನೂರಿಗೂ ಏನು ಸಂಬಂಧ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಸಂಬಂಧವಿದೆ. ಅದು ರೇಷ್ಮೆಯ ಎಳೆಯಷ್ಟು ಸಣ್ಣದು, ಅಷ್ಟೇ ಗಟ್ಟಿಯಾದದ್ದು.

ಈ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಲ್ಲಿ ಎಲ್ಲ ಸಮುದಾಯದ ರೈತರಿದ್ದಾರೆ. ಗೂಡು ಕೊಂಡು ನೂಲು ಬಿಚ್ಚುವ ಕಸುಬಿಗೆ ಬಂದರೆ ಕೋಲಾರ, ಶಿಡ್ಲಘಟ್ಟ, ವಿಜಯಪುರ, ರಾಮನಗರಗಳಲ್ಲಿ ನಮ್ಮ ಸಮುದಾಯದ ಕುಟುಂಬಗಳೇ ಹೆಚ್ಚು. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದಕ್ಕೆ ಹಗಲು ರಾತ್ರಿಯೆಂಬುದಿಲ್ಲ, ಸೊಪ್ಪು ಹಾಕುತ್ತಲೇ ಇರಬೇಕು. ಆ ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕೊಯ್ದು ತರುವವರು ಯಾರು? ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡುವವರು ಯಾರು? ಮುಂದೆ ಅದೇ ಗೂಡು ರೀಲರ್‌ಗಳ ಮನೆಗೆ ಬಂದಾಗ ಕುದಿಯುವ ನೀರಿನಲ್ಲಿ ಬೆರಳಿಟ್ಟು ಎಳೆಯ ತುದಿ ಹುಡುಕುವವರು, ಒಲೆಯ ಹೊಗೆಯನ್ನೂ ಸತ್ತ ಹುಳುವಿನ ನಾತವನ್ನೂ ಇಡೀ ದಿನ ಉಸಿರಾಡುವವರು, ಚರಕದ ಮುಂದೆ ಕುಳಿತು ಮಧ್ಯೆ ಎದ್ದು ಅನ್ನಕ್ಕೆ ನೀರಿಟ್ಟು ಬರುವವರು ಯಾರು? ಈ ಸಭೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾಗಿಲ್ಲ.

ಆದರೆ ನೂಲು ಬಿಚ್ಚುವ ಪರವಾನಗಿ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿರುತ್ತದೆ. ಗೂಡಿನ ಹರಾಜಿಗೆ ಹೋಗುವವನು ಅವನು. ಬ್ಯಾಂಕಿನ ಸಾಲ, ಇಲಾಖೆಯ ಸಹಾಯಧನ, ನೂಲು ಮಾರಿದ ಹಣ ಎಲ್ಲವೂ ಅವನ ಖಾತೆಗೆ. ಸರಕಾರದ ಗಣತಿದಾರರು ಮನೆ ಬಾಗಿಲಿಗೆ ಬಂದು "ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದಾಗ ನಮ್ಮ ಸೋದರರು ಹೇಳುವ ಉತ್ತರ ನಿಮಗೆ ಗೊತ್ತು: "ಕುಚ್ ನೈ, ಘರ್‌ಮೆಂಚ್ ರಹತೀ." ಏನೂ ಇಲ್ಲ, ಮನೆಯಲ್ಲೇ ಇರುತ್ತಾಳೆ. ಗಣತಿದಾರರು ಹಾಗೆಯೇ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಾವು ಇಂದು ಚರ್ಚಿಸಬೇಕಾದ ವಿಷಯವೆಲ್ಲ ಆ ಒಂದು ಸಾಲಿನಲ್ಲಿದೆ. ಆ ಸಾಲು ಕ್ಯಾಲನೂರಿನಿಂದ ಕೋಲಾರಕ್ಕೆ, ಕೋಲಾರದಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ ಹೋಗಿ ಕೋಟ್ಯಂತರ ಇತರ ಸಾಲುಗಳೊಂದಿಗೆ ಸೇರಿ ಒಂದು ಅಂಕಿಯಾಗುತ್ತದೆ. ಅದರ ಆಧಾರದಲ್ಲಿ ನೀತಿ ರೂಪುಗೊಳ್ಳುತ್ತದೆ.

ಮಾನವ ಅಭಿವೃದ್ಧಿ ಎಂಬ ಮಾತು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ತನ್ನ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ಅದರ ರೂವಾರಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬುಲ್ ಹಕ್. ಅವರ ಜೊತೆಗಿದ್ದವರು ಭಾರತದ ಅಮರ್ತ್ಯ ಸೇನ್. ಒಂದು ದೇಶದ ಏಳಿಗೆಯನ್ನು ಅದರ ಒಟ್ಟು ಉತ್ಪನ್ನದಿಂದ ಮಾತ್ರ ಅಳೆಯುವುದು ತಪ್ಪು, ಜನ ಎಷ್ಟು ಕಾಲ ಬದುಕುತ್ತಾರೆ, ಎಷ್ಟು ಕಲಿತಿದ್ದಾರೆ, ಗೌರವದಿಂದ ಬಾಳುವಷ್ಟು ಆದಾಯವಿದೆಯೇ ಎಂದು ನೋಡಬೇಕು ಎಂಬುದು ಅವರ ವಾದವಾಗಿತ್ತು. ಗಡಿಯ ಎರಡು ಬದಿಗಳ ಇಬ್ಬರು ವಿದ್ವಾಂಸರು ಸೇರಿ ಜಗತ್ತಿನ ಲೆಕ್ಕದ ಪುಸ್ತಕವನ್ನೇ ಬದಲಿಸಿದರು. ನಮ್ಮ ಟಿ.ವಿ. ವಾಹಿನಿಗಳಿಗೆ ಇಂಥ ಸುದ್ದಿ ರುಚಿಸುವುದಿಲ್ಲ, ಇರಲಿ.

ಐದೇ ವರ್ಷಗಳಲ್ಲಿ ಈ ಹೊಸ ಅಳತೆಗೋಲಿನ ಕೊರತೆಯೂ ಕಂಡುಬಂತು. ಸರಾಸರಿ ಎಂಬುದು ಮನೆಯೊಳಗೆ ಇಣುಕುವುದಿಲ್ಲ. ಗಂಡ ಹೈಸ್ಕೂಲು, ಹೆಂಡತಿ ಶಾಲೆಯ ಮುಖವನ್ನೇ ನೋಡಿಲ್ಲ ಎಂದಾದರೆ ಆ ಮನೆ ಸರಾಸರಿ ಐದನೇ ತರಗತಿ ಓದಿದೆ ಎನ್ನಬಹುದು. ಲೆಕ್ಕ ಸರಿ, ಸತ್ಯ ಸುಳ್ಳು. 1995ರ ವರದಿಯು ಮಹಿಳೆಯರನ್ನೇ ಕೇಂದ್ರವಾಗಿಟ್ಟುಕೊಂಡು ಲಿಂಗ ಸಂಬಂಧಿ ಅಭಿವೃದ್ಧಿ ಸೂಚ್ಯಂಕವೆಂಬ ಹೊಸ ಅಳತೆಯನ್ನು ತಂದಿತು. ಜಗತ್ತಿನಲ್ಲಿ ಕೂಲಿಯಿಲ್ಲದ ಅಥವಾ ಕಡಿಮೆ ಕೂಲಿಯ ದುಡಿಮೆಯ ಮೌಲ್ಯ ವರ್ಷಕ್ಕೆ 16 ಲಕ್ಷ ಕೋಟಿ ಡಾಲರ್, ಅದರಲ್ಲಿ 11 ಲಕ್ಷ ಕೋಟಿ ಡಾಲರ್ ಮಹಿಳೆಯರ ಕಣ್ಣಿಗೆ ಕಾಣದ ಕೊಡುಗೆ ಎಂದು ಅದು ಅಂದಾಜು ಮಾಡಿತು.

ಆದರೆ ಈ ಸೂಚ್ಯಂಕದಲ್ಲಿ ಹೆಣ್ಣಿನ ಆದಾಯವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಗಮನಿಸಬೇಕು. ಯಾವ ಮನೆಯಲ್ಲೂ ಹೆಣ್ಣಿನ ಆದಾಯವೆಂದು ಪ್ರತ್ಯೇಕ ಲೆಕ್ಕವಿಲ್ಲ. ಆದ್ದರಿಂದ ದುಡಿಯುವವರಲ್ಲಿ ಹೆಂಗಸರ ಪಾಲೆಷ್ಟು, ಗಂಡಸಿನ ಕೂಲಿಗೆ ಹೋಲಿಸಿದರೆ ಅವಳ ಕೂಲಿಯೆಷ್ಟು ಎಂಬೆರಡು ಅಂಕಿಗಳಿಂದ ಊಹಿಸುತ್ತಾರೆ. ಮೊದಲನೆಯ ಅಂಕಿಯೇ "ಘರ್‌ಮೆಂಚ್ ರಹತೀ" ಎಂಬ ಉತ್ತರದಿಂದ ಬಂದದ್ದಾದರೆ? ಹಳಸಿದ ಹಿಟ್ಟಿನಿಂದ ಎಷ್ಟು ಚೆನ್ನಾಗಿ ರೊಟ್ಟಿ ತಟ್ಟಿದರೂ ಫಲವೇನು? ಇಲ್ಲಿಯೇ ತಜ್ಞತೆಯ ಪ್ರಶ್ನೆ ಬರುವುದು. ವರದಿ ಸಿದ್ಧವಾದ ಮೇಲೆ ಕೊನೆಗೆ ಮಹಿಳೆಯರ ಬಗ್ಗೆ ಒಂದು ಅಧ್ಯಾಯ ಅಂಟಿಸುವುದಕ್ಕೆ ತಜ್ಞರು ಬೇಕಾಗಿಲ್ಲ. ಪ್ರಶ್ನಾವಳಿ ಬರೆಯುವ ದಿನವೇ ಅವರು ಅಲ್ಲಿರಬೇಕು. ಏನನ್ನು ಕೆಲಸವೆಂದು ಕರೆಯಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಅಂದೇ ನಿರ್ಧಾರವಾಗಿಬಿಡುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ಗೌರವಾನ್ವಿತ ಚರಿತ್ರೆಯಿದೆ. ಭಾರತದ ಮಹಿಳೆಯರ ಸ್ಥಿತಿಗತಿಯ ಕುರಿತ ಸಮಿತಿಯು 1974ರಲ್ಲಿ ನೀಡಿದ ವರದಿಯು, ಸ್ವಾತಂತ್ರ್ಯದ ಕಾಲು ಶತಮಾನದ ಬಳಿಕವೂ ಬಹುಪಾಲು ಹೆಂಗಸರ ಸ್ಥಿತಿ ಎಷ್ಟು ಶೋಚನೀಯವಾಗಿದೆ ಎಂಬುದನ್ನು ತೆರೆದಿಟ್ಟಿತು. ಅನಂತರ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್, ಸಹ ಸಂಶೋಧಕಿ ಮಾಲಿನಿ ಚಂದ್ ಅವರೊಂದಿಗೆ 1976-77ರಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಸಮಯ ಬಳಕೆಯ ಅಧ್ಯಯನ ನಡೆಸಿದರು. "ನೀವು ಕೆಲಸ ಮಾಡುತ್ತೀರಾ?" ಎಂಬ ಪ್ರಶ್ನೆಗೆ ತೃಪ್ತರಾಗದೆ, ಎದ್ದಾಗಿನಿಂದ ಮಲಗುವವರೆಗೆ ಮನೆಮಂದಿ ಏನೇನು ಮಾಡುತ್ತಾರೆಂದು ನೋಡಿ ಬರೆದುಕೊಂಡರು. ಸರಕಾರಿ ಲೆಕ್ಕದಲ್ಲಿ ಕೆಲಸವಿಲ್ಲದವರಾಗಿದ್ದ ಹೆಂಗಸರು ಆ ಪುಟಗಳಲ್ಲಿ ದುಡಿಯುವವರಾಗಿ ಕಾಣಿಸಿಕೊಂಡರು. ಹೆಂಗಸರು ಬದಲಾಗಿರಲಿಲ್ಲ, ಪ್ರಶ್ನೆ ಬದಲಾಗಿತ್ತು.

ಕೋಲಾರದವರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. 1980ರ ದಶಕದ ಆರಂಭದಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಕರ್ನಾಟಕ ರೇಷ್ಮೆ ಅಭಿವೃದ್ಧಿ ಯೋಜನೆ ಜಾರಿಗೆ ಬಂದಾಗ, ದೇವಕಿ ಜೈನ್ ಅವರ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸ್ಟಡೀಸ್ ಟ್ರಸ್ಟ್ ಆ ಯೋಜನೆಯಲ್ಲಿ ಮಹಿಳೆಯರ ಪಾತ್ರವೇನೆಂದು ಅಧ್ಯಯನ ಮಾಡಿತು. ರೇಷ್ಮೆಯ ಕೆಲಸದ ಪ್ರತಿ ಹಂತದಲ್ಲೂ ಹೆಂಗಸರ ಕೈಯಿರುವಾಗ ತರಬೇತಿ, ಸಾಲ, ವಿಸ್ತರಣಾ ಸೇವೆಗಳೆಲ್ಲ ಗಂಡಸನ್ನೇ ಹುಡುಕಿಕೊಂಡು ಹೋದರೆ ಯೋಜನೆಯ ಗುರಿ ಹೇಗೆ ಈಡೇರುತ್ತದೆ? ಸೊಪ್ಪು ಕೊಯ್ಯುವವಳಿಗೆ ಗೊತ್ತಿರುವುದನ್ನು ಕೇಳದೆ ಅವಳ ಮಾವನಿಗೆ ತರಬೇತಿ ಕೊಡುವುದರಲ್ಲಿ ಅನ್ಯಾಯ ಮಾತ್ರವಲ್ಲ, ದಡ್ಡತನವೂ ಇದೆ.

ಇಂಥ ಅಧ್ಯಯನಗಳ ಒತ್ತಡದಿಂದ ಪರಿಣಾಮವೂ ಆಯಿತು. 1988ರಲ್ಲಿ ಇಳಾ ಭಟ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು 'ಶ್ರಮಶಕ್ತಿ' ವರದಿಯಲ್ಲಿ ಅಸಂಘಟಿತ ಕ್ಷೇತ್ರದ ಹೆಣ್ಣುಮಕ್ಕಳ ಬದುಕನ್ನು ದೇಶದ ಮುಂದಿಟ್ಟಿತು. 1991ರ ಜನಗಣತಿಯಲ್ಲಿ ಕೆಲಸದ ಬಗೆಗಿನ ಪ್ರಶ್ನೆಗೆ, ಹೊಲದಲ್ಲಾಗಲಿ ಮನೆಯ ಉದ್ದಿಮೆಯಲ್ಲಾಗಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿದೆ ಎಂಬ ಮಾತನ್ನು ಸ್ಪಷ್ಟವಾಗಿ ಸೇರಿಸಲಾಯಿತು. ಕೆಲವೇ ಪದಗಳ ತಿದ್ದುಪಡಿ, ಆದರೆ ಅದರ ಹಿಂದೆ ವರ್ಷಗಳ ಹೋರಾಟವಿತ್ತು. 1981ರಲ್ಲಿ ಶೇ. 19.7ರಷ್ಟಿದ್ದ ಮಹಿಳೆಯರ ಕೆಲಸದ ಪ್ರಮಾಣ 1991ರಲ್ಲಿ ಶೇ. 22.3ಕ್ಕೆ ಏರಿತು. 2001ರಲ್ಲಿ ಹಾಲಿಗಾಗಿ ದನ ಸಾಕುವುದನ್ನೂ, ಆ ಹಾಲು ಮನೆಗೇ ಬಳಕೆಯಾದರೂ, ಕೆಲಸವೆಂದು ಪರಿಗಣಿಸಲಾಯಿತು. ಹಾಲಿನ ಡೇರಿಯಿಲ್ಲದ ಊರೇ ಅಪರೂಪವಾಗಿರುವ ಈ ಜಿಲ್ಲೆಯಲ್ಲಿ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೂ ಅದೇ 2001ರ ಜನಗಣತಿಯು ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿಯನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆಗೆ ಕೆಲಸಗಾರರಲ್ಲದವರ ಪಟ್ಟಿಯಲ್ಲಿಟ್ಟಿತ್ತು. ಇದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಕಟುವಾಗಿ ಟೀಕಿಸಿತು. ನಮ್ಮ ತಾಯಂದಿರನ್ನು ಸರಕಾರಿ ಕಾಗದ ಎಲ್ಲಿ ಕೂರಿಸಿತ್ತು ನೋಡಿ.

ಈ ವಿಷಯದಲ್ಲಿ ಮದ್ರಸಾದಲ್ಲಿ ಓದಿದವರಿಗೆ ಹೇಳಲು ಸ್ವಲ್ಪ ಮಾತಿದೆ. ಮನೆಗೆಲಸವು ಪತ್ನಿಯ ಮೇಲೆ ಕಾನೂನುಬದ್ಧವಾಗಿ ಹೇರಬಹುದಾದ ಕರ್ತವ್ಯವೇ ಎಂಬ ಬಗ್ಗೆ ಫಿಕ್ಹಿನ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಹಾಗೆ ಹೇರಲಾಗದು ಎಂದಿದ್ದಾರೆ. ವಿಚ್ಛೇದಿತ ತಾಯಿಯು ಮಗುವಿಗೆ ಹಾಲೂಡಿಸಿದರೆ ತಂದೆಯು ಅದಕ್ಕೆ ಪ್ರತಿಫಲ ಕೊಡಬೇಕೆಂಬ ಆದೇಶ ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯದಲ್ಲಿದೆ. ಹೆಣ್ಣಿನ ಸಂಪಾದನೆ ಅವಳದೇ, ಗಂಡನದಲ್ಲ ಎಂಬುದರಲ್ಲಂತೂ ಭಿನ್ನಾಭಿಪ್ರಾಯವೇ ಇಲ್ಲ. ಇದನ್ನೆಲ್ಲ ಓದಿದ ಉಲಮಾಗಳ ಸಮುದಾಯದಲ್ಲಿ, ಚರಕದ ಮುಂದೆ ಹತ್ತು ಗಂಟೆ ಕುಳಿತವಳು ಏನೂ ಮಾಡುವುದಿಲ್ಲ ಎಂದು ಹೇಳುವ ಧೈರ್ಯ ಎಲ್ಲಿಂದ ಬಂತು? ಅದು ಶರೀಅತ್ತಿನಿಂದ ಬಂದದ್ದಲ್ಲ. ಊರಿನ ರೂಢಿಯನ್ನು ನಾವು ದೀನ್ ಎಂದು ಕರೆದುಕೊಂಡಿದ್ದೇವೆ.

ಇನ್ನು ಕರ್ನಾಟಕಕ್ಕೆ ಬರೋಣ. ನಮ್ಮ ರಾಜ್ಯ 1999ರಲ್ಲಿಯೂ 2005ರಲ್ಲಿಯೂ ಮಾನವ ಅಭಿವೃದ್ಧಿ ವರದಿಗಳನ್ನು ಹೊರತಂದಿತು. 2005ರ ವರದಿಯ ಪ್ರಕಾರ 1991ರಲ್ಲಿ 0.541 ಇದ್ದ ರಾಜ್ಯದ ಮಾನವ ಅಭಿವೃದ್ಧಿ ಸೂಚ್ಯಂಕವು 2001ರಲ್ಲಿ 0.650ಕ್ಕೆ ಏರಿತ್ತು. ಲಿಂಗ ಸಂಬಂಧಿ ಸೂಚ್ಯಂಕವು 0.525ರಿಂದ 0.637ಕ್ಕೆ ಬಂದಿತ್ತು. ಬೆಂಗಳೂರು ನಗರ ಜಿಲ್ಲೆ 0.753ರೊಂದಿಗೆ ಮೇಲಿದ್ದರೆ ರಾಯಚೂರು 0.547ರೊಂದಿಗೆ ಕೊನೆಯಲ್ಲಿತ್ತು. ರಾಯಚೂರಿನ ದುಃಸ್ಥಿತಿ ಈ ಅಂಕಿಗಳಿಂದ ಎದ್ದು ಕಂಡಿತು, ಅದು ಒಳ್ಳೆಯದೇ. ಆದರೆ 0.650ಕ್ಕೂ 0.637ಕ್ಕೂ ಇರುವ ಅಂತರ ನೋಡಿ: ಬರೀ 0.013. ಗಂಡು ಹೆಣ್ಣಿನ ನಡುವಿನ ವ್ಯತ್ಯಾಸ ಕರ್ನಾಟಕದಲ್ಲಿ ಇಷ್ಟೇ ಎಂದು ಯಾವ ತಾಯಿಯಾದರೂ ನಂಬುತ್ತಾಳೆಯೇ? ಸೂಚ್ಯಂಕ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಆಯಸ್ಸು, ಅಕ್ಷರ, ಊಹಿಸಿದ ಆದಾಯ ಇಷ್ಟು ಮಾತ್ರ ಕಾಣುತ್ತದೆ. ಕೂಲಿಯಿಲ್ಲದ ದುಡಿಮೆ, ನೀರಿಗಾಗಿ ನಡೆದ ದಾರಿ, ಮನೆಯೊಳಗಿನ ಹಿಂಸೆ, ತನ್ನ ಹೆಸರಿನಲ್ಲಿಲ್ಲದ ಆಸ್ತಿ ಇವು ಅದಕ್ಕೆ ಕಾಣುವುದಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2009ರಲ್ಲಿ ಈ ಸೂಚ್ಯಂಕಗಳನ್ನು ಭಾರತದ ವಾಸ್ತವಕ್ಕೆ ತಕ್ಕಂತೆ ಮರುರೂಪಿಸುವ ವರದಿಯನ್ನು ಹೊರತಂದದ್ದು ಈ ಕೊರತೆ ಅರಿತೇ.

ಯೋಜನಾ ಆಯೋಗದಲ್ಲಿ ಸೈಯಿದಾ ಹಮೀದ್ ಸದಸ್ಯೆಯಾಗಿದ್ದಾಗ, 2007ರಲ್ಲಿ ಹನ್ನೊಂದನೇ ಪಂಚವಾರ್ಷಿಕ ಯೋಜನೆಗಾಗಿ ಸ್ತ್ರೀವಾದಿ ಅರ್ಥಶಾಸ್ತ್ರಜ್ಞೆಯರ ಒಂದು ಸಮಿತಿ ರಚಿಸಲಾಯಿತು. ಕೃಷಿ, ಸಾಲ, ಉದ್ದಿಮೆಗಳಂಥ ಅಧ್ಯಾಯಗಳನ್ನೂ ಹೆಣ್ಣಿನ ಕಣ್ಣಿನಿಂದ ಓದಿ ತಿದ್ದುವ ಕೆಲಸ ಅದರದ್ದು. ಸಾಮಾನ್ಯವಾಗಿ ಮಹಿಳೆ ಎಂದರೆ ಪೌಷ್ಟಿಕತೆ, ಹೆರಿಗೆ, ಅಂಗನವಾಡಿ ಎಂಬಲ್ಲಿಗೆ ನಮ್ಮ ಸರಕಾರಗಳ ಕಲ್ಪನೆ ನಿಲ್ಲುತ್ತಿತ್ತು. ಆಯೋಗವನ್ನೇ ಬರ್ಖಾಸ್ತುಗೊಳಿಸಿ 2015ರ ಜನವರಿಯಲ್ಲಿ ನೀತಿ ಆಯೋಗ ಬಂತು. ಪಂಚವಾರ್ಷಿಕ ಯೋಜನೆಗಳು ನಿಂತವು. ಅಧ್ಯಾಯವೇ ಇಲ್ಲದಿದ್ದರೆ ತಿದ್ದುವುದು ಯಾವುದನ್ನು?

ಈಗ ನಮ್ಮದೇ ಸಮುದಾಯದ ವಿಷಯ. 2005ರಲ್ಲಿ ರಚನೆಯಾಗಿ 2006ರ ನವೆಂಬರಿನಲ್ಲಿ ವರದಿ ನೀಡಿದ ಸಾಚಾರ್ ಸಮಿತಿಗೆ ಭಾರತದ ಮುಸ್ಲಿಮರು ಋಣಿಗಳಾಗಿದ್ದಾರೆ. ಓಲೈಕೆಯೆಂಬ ಆರೋಪಕ್ಕೆ ಅಂಕಿಸಂಖ್ಯೆಯಿಂದಲೇ ಉತ್ತರ ಕೊಟ್ಟ ವರದಿಯದು. ಆದರೆ ಆ ಸಮಿತಿಯ ಏಳು ಸದಸ್ಯರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಸಮುದಾಯದ ಅರ್ಧದಷ್ಟು ಮಂದಿಯ ಬದುಕನ್ನು ಏಳು ಗಂಡಸರು ಕುಳಿತು ಅಳೆದರು. ಮಹಿಳಾ ಸಂಘಟನೆಗಳು ಇದನ್ನು ಎತ್ತಿ ತೋರಿಸಿದವು. ನಮ್ಮ ವೇದಿಕೆಗಳಲ್ಲಿ ಅದು ಒಂದು ಕೊರತೆಯಾಗಿ ಚರ್ಚೆಗೆ ಬಂದದ್ದೇ ಕಡಿಮೆ. ಜಮಾಅತ್ ಕಮಿಟಿಗಳಲ್ಲಿ ಹೆಣ್ಣಿಲ್ಲದಿರುವುದು ಸಹಜವೆಂದು ಕಂಡವರಿಗೆ ಸಾಚಾರ್ ಸಮಿತಿಯಲ್ಲಿ ಇಲ್ಲದ್ದು ಏಕೆ ಕಂಡೀತು?

ಹಾಗಿದ್ದರೂ ಆ ವರದಿಯಲ್ಲಿ ಒಂದು ಅಮೂಲ್ಯ ಅಂಕಿಯಿದೆ. ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ತಮ್ಮ ಮನೆಯೊಳಗೇ ದುಡಿಯುತ್ತಾರೆ. ಎಲ್ಲ ಸಮುದಾಯಗಳನ್ನು ಸೇರಿಸಿ ನೋಡಿದರೆ ಆ ಪ್ರಮಾಣ ಶೇ. 51. ಇನ್ನೊಂದೆಡೆ, 2001ರ ಜನಗಣತಿಯ ಪ್ರಕಾರ ಮುಸ್ಲಿಮ್ ಮಹಿಳೆಯರಲ್ಲಿ ಕೆಲಸಗಾರರ ಪ್ರಮಾಣ ಶೇ. 14.1, ದೇಶದ ಒಟ್ಟು ಮಹಿಳೆಯರಲ್ಲಿ ಶೇ. 25.6. ಈ ಎರಡನ್ನೂ ಜೊತೆಗಿಟ್ಟು ಓದಬೇಕು. ಮನೆಯೊಳಗಿನ ದುಡಿಮೆಯೇ ಎಲ್ಲಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪುವ ದುಡಿಮೆ. ಬೀಡಿ ಕಟ್ಟುವವರು, ಅಗರಬತ್ತಿ ಹೊಸೆಯುವವರು, ಜರಿ ಕೆಲಸದವರು, ನೂಲು ಬಿಚ್ಚುವವರು ಮನೆಯೊಳಗಿದ್ದಾರೆ. ನಮ್ಮ ಹೆಣ್ಣುಮಕ್ಕಳು ದುಡಿಯುವುದಿಲ್ಲ ಎಂಬ ಮಾತನ್ನು ಹೊರಗಿನವರು ಹೀಗಳೆಯಲು ಬಳಸುತ್ತಾರೆ, ಒಳಗಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಬ್ಬರ ನಡುವೆ ಅವಳ ಕೂಲಿ, ಅವಳ ಪಿಂಚಣಿ, ಅವಳ ಆರೋಗ್ಯ ವಿಮೆ ಕಳೆದುಹೋಗುತ್ತವೆ.

ಸರಾಸರಿಯ ಮೋಸಕ್ಕೆ ಇನ್ನೊಂದು ಉದಾಹರಣೆ. 2001ರಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1, ರಾಜ್ಯದ ಒಟ್ಟು ಸಾಕ್ಷರತೆ ಶೇ. 66.6. ಇದನ್ನು ನೋಡಿ ಇಲ್ಲಿ ಸಮಸ್ಯೆಯೇ ಇಲ್ಲ ಎಂದವರಿದ್ದಾರೆ. ನಮ್ಮವರಲ್ಲಿ ಹೆಚ್ಚಿನವರು ನಗರ, ಪಟ್ಟಣಗಳಲ್ಲಿರುವುದರಿಂದ ಈ ಅಂಕಿ ಮೇಲಿದೆ. ಕ್ಯಾಲನೂರಿನಂಥ ಹಳ್ಳಿಯ ಹುಡುಗಿ ಹತ್ತನೇ ತರಗತಿಯ ಬಳಿಕ ಎಲ್ಲಿ ಹೋದಳು ಎಂಬುದನ್ನು ಅದು ಹೇಳುವುದಿಲ್ಲ. 2022ರ ಫೆಬ್ರವರಿಯ ಸರಕಾರಿ ಆದೇಶ ಮತ್ತು ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ನಂತರ ಹಿಜಾಬಿನ ಕಾರಣಕ್ಕೆ ಕಾಲೇಜು ಬಿಟ್ಟ ವಿದ್ಯಾರ್ಥಿನಿಯರ ವಿಷಯವನ್ನೇ ನೋಡಿ. ಅವರನ್ನು ಕಂಡು ಮಾತನಾಡಿಸಿ ವರದಿ ಬರೆದದ್ದು ಪಿಯುಸಿಎಲ್‌ನಂಥ ನಾಗರಿಕ ಸಂಘಟನೆ. ಅದೇ 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಒಂದರಿಂದ ಎಂಟನೇ ತರಗತಿಯ ವಿದ್ಯಾರ್ಥಿವೇತನವನ್ನೂ ಸಂಶೋಧನೆಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಬಡ ಮನೆಯಲ್ಲಿ ಹಣ ಸಾಲದಾದಾಗ ಮೊದಲು ಶಾಲೆ ಬಿಡುವವಳು ಹುಡುಗಿ ಎಂದು ತಿಳಿಯಲು ತಜ್ಞರೇ ಬೇಕೆಂದಿಲ್ಲ. ಆದರೆ ಅದನ್ನು ಲೋಕಸಭೆಯಲ್ಲಿ ಯಾರೂ ಅಲ್ಲಗಳೆಯಲಾರದಂತೆ ಸಾಬೀತುಪಡಿಸಲು ಬೇಕು. ಧರ್ಮ ಮತ್ತು ಲಿಂಗ ಎರಡನ್ನೂ ಒಟ್ಟಿಗೆ ನೋಡುವ ಅಂಕಿ ಬೇಕು. ಮುಸ್ಲಿಮರ ಲೆಕ್ಕದಲ್ಲಿ ಹೆಣ್ಣು ಮರೆಯಾಗುತ್ತಾಳೆ, ಹೆಣ್ಣಿನ ಲೆಕ್ಕದಲ್ಲಿ ಮುಸ್ಲಿಮಳು ಮರೆಯಾಗುತ್ತಾಳೆ.

ದೇಶ ಈಗ ಸಮಯ ಬಳಕೆಯ ಸಮೀಕ್ಷೆಯನ್ನು ನಡೆಸುತ್ತಿದೆ ಎಂಬುದು ಸಮಾಧಾನದ ವಿಷಯ. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ನಡೆದದ್ದು 2019ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು, 2024ರಲ್ಲಿ ಮತ್ತೆ ನಡೆಯಿತು. ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಣ್ಣು ದಿನಕ್ಕೆ 289 ನಿಮಿಷ, ಗಂಡು 88 ನಿಮಿಷ ಅದಕ್ಕೆ ಕೊಡುತ್ತಾರೆಂದು 2024ರ ಸಮೀಕ್ಷೆ ಹೇಳುತ್ತದೆ. ಆ 88 ನಿಮಿಷವೂ ಮನೆಗೆಲಸಕ್ಕೆ ಕೈಹಾಕುವ ಗಂಡಸರದ್ದು ಮಾತ್ರ, ಅಂಥವರು ನೂರಕ್ಕೆ 27 ಮಂದಿ.

ಕರ್ನಾಟಕದಲ್ಲಿ 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ 2,000 ರೂಪಾಯಿ ಕೊಡತೊಡಗಿತು. ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಸರಿಪಡಿಸಲು ಆಗ ಎಷ್ಟು ಮಂದಿ ಸೋದರರು ಕಂಪ್ಯೂಟರ್ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತಿದ್ದರು! ಹಣ ಬರುವಾಗ ಅವಳು ಯಜಮಾನಿ. ಗಣತಿಯವರು ಬಂದಾಗ ಮಾತ್ರ ಏನೂ ಮಾಡದವಳು.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಗೆ ಅಧಿಸೂಚನೆಯಾಗಿದೆ. 2011ರ ನಂತರದ ಮೊದಲ ಜನಗಣತಿಯಿದು. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ 60 ಪ್ರಶ್ನೆಗಳಿಗೆ ಅನೇಕ ಮನೆಗಳಲ್ಲಿ ಗಂಡಸರೇ ಬಾಗಿಲಲ್ಲಿ ನಿಂತು ಉತ್ತರಿಸಿದರು. ಜಾತಿ, ಉಪಜಾತಿಯ ಕಲಮಿನಲ್ಲಿ ಏನು ಬರೆಸಬೇಕೆಂದು ನಮ್ಮ ಮಸೀದಿಗಳಲ್ಲಿ ಜುಮಾದ ಬಳಿಕ ಪ್ರಕಟಣೆಗಳಾದವು. ಅದು ಅಗತ್ಯವೇ ಆಗಿತ್ತು. ಉದ್ಯೋಗದ ಕಲಮಿನಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರಿನ ಮುಂದೆ ಏನು ಬರೆಸಬೇಕೆಂಬುದಕ್ಕೂ ಅಂಥದ್ದೇ ಒಂದು ಪ್ರಕಟಣೆ ಬೇಕು ಎಂಬುದು ನಮ್ಮ ಬೇಡಿಕೆ. ಗಣತಿದಾರರು ಬಂದಾಗ ಆ ಪ್ರಶ್ನೆಗೆ ಅವಳೇ ಉತ್ತರಿಸಲಿ. ಗೂಡು ಬೇಯಿಸುವವಳು ಗೂಡು ಬೇಯಿಸುತ್ತೇನೆ ಎನ್ನಲಿ, ದನ ಕಟ್ಟಿದವಳು ಹಾಲು ಹಿಂಡುತ್ತೇನೆ ಎನ್ನಲಿ. ಕೂಲಿ ಬರುತ್ತದೆಯೇ ಇಲ್ಲವೇ ಎಂಬುದು ಎರಡನೆಯ ಮಾತು.

ಜಮಾಅತಿನ ಹಿರಿಯರಲ್ಲಿ ಇನ್ನೊಂದು ಮಾತು. ಬೈತುಲ್‌ಮಾಲ್‌ನಿಂದ ನೆರವು ಕೊಡಲು ವಿಧವೆಯರ, ಬಡವರ ಪಟ್ಟಿಯನ್ನು ಅನೇಕ ಕಡೆ ಮಾಡುತ್ತಾರೆ. ಆ ಪಟ್ಟಿ ಮಾಡಲು ಮನೆಮನೆಗೆ ಹೋಗುವವರಲ್ಲಿ ಪದವಿ ಓದಿದ ನಮ್ಮ ಹೆಣ್ಣುಮಕ್ಕಳು ಏಕಿರಬಾರದು? ಅಡುಗೆ ಕೋಣೆಯವರೆಗೆ ಹೋಗಿ ಕೇಳಬಲ್ಲವರು ಅವರೇ. ಬಿ.ಎ. ಓದುವ ಹುಡುಗಿಯರು ಅರ್ಥಶಾಸ್ತ್ರವನ್ನೂ ಸಂಖ್ಯಾಶಾಸ್ತ್ರವನ್ನೂ ಆರಿಸಿಕೊಳ್ಳುವಂತೆ ತಂದೆ ತಾಯಂದಿರು ಪ್ರೋತ್ಸಾಹಿಸಬೇಕು. ಬಿ.ಎಡ್. ಮಾಡಿಸಿ ಮದುವೆ ಮಾಡಿದರಾಯಿತು ಎಂಬಲ್ಲಿಗೆ ಯೋಚನೆ ನಿಲ್ಲದಿರಲಿ. ಮುಂದೊಂದು ದಿನ ಇಂಥ ಸಮಿತಿ ರಚನೆಯಾದಾಗ ಮುಸ್ಲಿಮ್ ಮಹಿಳಾ ತಜ್ಞರು ಎಲ್ಲಿದ್ದಾರೆ ಎಂದು ಸರಕಾರ ಕೇಳೀತು. ಆಗ ಕೊಡಲು ನಮ್ಮಲ್ಲಿ ಹೆಸರುಗಳಿರಬೇಕಲ್ಲವೇ? ಪಂಚಾಯತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ, ಮಹಿಳಾ ಗ್ರಾಮಸಭೆಯೂ ಇದೆ. ಅಲ್ಲಿ ನಮ್ಮ ಸೋದರಿಯರ ಕುರ್ಚಿ ಖಾಲಿಯಿದ್ದರೆ, ಅಥವಾ ಸದಸ್ಯೆಯ ಬದಲು ಅವರ ಪತಿ ಬಂದು ಕುಳಿತರೆ, ದಿಲ್ಲಿಯ ಸಮಿತಿಯನ್ನು ಪ್ರಶ್ನಿಸುವ ನೈತಿಕ ಬಲ ಎಲ್ಲಿ ಉಳಿಯುತ್ತದೆ?

ಸಮಯ ಮೀರುತ್ತಿದೆ, ಇಶಾ ನಮಾಝಿಗೆ ಮೊದಲು ಪ್ರಶ್ನೋತ್ತರಕ್ಕೂ ಅವಕಾಶ ಕೊಡಬೇಕಾಗಿದೆ. ಸಂಘಟಕರಲ್ಲಿ ವಿನಂತಿ: ಮೈಕನ್ನು ದಯವಿಟ್ಟು ಮೊದಲು ಪರದೆಯ ಆಚೆಗೆ ಕಳುಹಿಸಿ.